ಮೊದಲ ಗೇಮ್ ಸೋತು ಗೆದ್ದಾಕೆ

1992ನೆಯ ಇಸವಿಯ ಆಗಸ್ಟ್ 4ರಂದು, ಬಾರ್ಸಿಲೋನಾ ಒಲಿಂಪಿಕ್ಸಿನ ಮಹಿಳೆಯರ ಸಿಂಗಲ್ಸ್ ಬ್ಯಾಡ್ಮಿಂಟನ್ ಅಂತಿಮ ಪಂದ್ಯದಲ್ಲಿ ಇಂಡೊನೇಷ್ಯದ ಸೂಸಿ ಸುಸಾಂತಿಯವರು ಕೊರಿಯದ ಬಾಂಗ್ ಸೂ-ಹ್ಯುನ್ ಅವರಿಗೆ ಮೊದಲ ಗೇಮನ್ನು 5–11ರಿಂದ ತೆತ್ತಾಗ, ಆಕೆಯ ಆಟವನ್ನು ಬಲ್ಲವರು ಎದೆಗುಂದಬೇಕಾದ ಕಾರಣವಿರಲಿಲ್ಲ. ಹಿಂದಿನ ವರ್ಷದ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ, ಸ್ವದೇಶದವರೇ ಆದ ಸರ್ವೆಂದಾರ ಎದುರು ಮೊದಲ ಗೇಮಿನಲ್ಲಿ ಒಂದಂಕವನ್ನೂ ಕಾಣದೆ 0–11ರಿಂದ ಸೋತು, ಅನಂತರ 11–2, 11–6ರಿಂದ ಗೆದ್ದವರು ಆಕೆ. ಬಾರ್ಸಿಲೋನಾದಲ್ಲಿಯೂ ಉಳಿದೆರಡು ಗೇಮುಗಳು 11–5, 11–3ರಿಂದ ಆಕೆಯವೇ ಆದುವು. 1993ರ ಆಲ್ ಇಂಗ್ಲೆಂಡಿನಲ್ಲಿ ಅದೇ ಬಾಂಗ್ ಅವರೆದುರು 4–11, 11–4, 11–1. ಅದೇ ವರ್ಷ ಬರ್ಮಿಂಗ್‌ಹ್ಯಾಮಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ಮತ್ತೆ ಬಾಂಗ್ ಅವರೇ ಎದುರಾಳಿಯಾಗಿ, 7–11, 11–9, 11–3. ಹೀಗೆ ಒಲಿಂಪಿಕ್, ವಿಶ್ವ, ಆಲ್ ಇಂಗ್ಲೆಂಡ್ ಎಂಬ ಮೂರು ಮಹಾಪದವಿಗಳು ಏಕಕಾಲದಲ್ಲಿ ಒಬ್ಬಾಕೆಯ ವಶವಾದುವು; ಮೂರರಲ್ಲಿಯೂ ಮೊದಲ ಗೇಮು ಸೋಲು, ಕೊನೆಯ ಗೇಮು ಎದುರಾಳಿಯ ಸಂಪೂರ್ಣ ಪರಾಭವ.

ಇದನ್ನು ಅರಿಯಲು ಅಂದಿನ ನಿಯಮವನ್ನು ನೆನೆಯಬೇಕು. ಇಂದಿನಂತೆ ಪ್ರತಿಯೊಂದು ರ‍್ಯಾಲಿಗೂ ಅಂಕ ದೊರೆಯುತ್ತಿರಲಿಲ್ಲ. ಸರ್ವ್ ಮಾಡಿದವರಿಗೆ ಮಾತ್ರ ಅಂಕ, ಎದುರಿನವರು ಗೆದ್ದರೆ ಅವರಿಗೆ ಸಲ್ಲುತ್ತಿದ್ದುದು ಸರ್ವ್ ಮಾಡುವ ಹಕ್ಕಷ್ಟೇ. ಮಹಿಳೆಯರ ಸಿಂಗಲ್ಸ್ 11 ಅಂಕಗಳ ಆಟವಾಗಿದ್ದರೂ, ಅಂಕಫಲಕವು ನಿಶ್ಚಲವಾಗಿ ನಿಂತಿರುವಂತೆಯೇ ಸರ್ವ್ ಆಚೆಗೂ ಈಚೆಗೂ ಹಲವು ಬಾರಿ ಕೈಬದಲಾಯಿಸುವುದು, ಆ ಅವಧಿಯಲ್ಲೆಲ್ಲ ಇಬ್ಬರ ಕಾಲುಗಳೂ ಶ್ರಮಿಸುತ್ತಲೇ ಇರುವುದು ಸಾಮಾನ್ಯವಾಗಿತ್ತು. ಸೂಸಿಯವರು ಬಾಳಿದುದು ಈ ಅಂಕವಿಲ್ಲದ ಕಾಲದಲ್ಲಿ. ಮೊದಲ ಗೇಮನ್ನು ಆಕೆ ಬೇಕೆಂದು ಬಿಟ್ಟುಕೊಡುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಗೆಲ್ಲಲು ಎದುರಾಳಿಯು ತನ್ನ ಶಕ್ತಿಯ ಬಹುಭಾಗವನ್ನು ವ್ಯಯಿಸಬೇಕಾಗುತ್ತಿದ್ದಿತೆಂಬುದನ್ನು ಮೂರನೆಯ ಗೇಮಿನ ಅಂಕಗಳೇ ಸಾರುತ್ತವೆ.

ಆಟದ ರೀತಿಯಾದರೂ ಎಷ್ಟು ಸರಳ! ಷಟಲನ್ನು ಎತ್ತರಕ್ಕೆ ಹಾರಿಸಿ ಹಿಂದಿನ ಗೆರೆಯ ಮೂಲೆಗೆ ಅಟ್ಟುವುದು, ಅದು ಮರಳಿ ಬಂದೊಡನೆ ಕರ್ಣಾಭಿಮುಖವಾಗಿ ನೆಟ್ಟಿನ ಬುಡದಲ್ಲಿ ಮೆಲ್ಲನೆ ಇಳಿಸುವುದು, ಪುನಃ ಹಿಂದಿನ ಮೂಲೆಗೆ. ಎದುರಿನಾಕೆ ಸಹನೆಗೆಟ್ಟು ಸ್ಮ್ಯಾಷ್ ಹೊಡೆದರೆ, ಅಥವಾ ನೆಟ್ಟಿನ ಬಳಿ ಎಟುಕಲಾರದೆಂಬಂತೆ ಷಟಲನ್ನು ಜಾರಿಸಿದರೆ, ಸೂಸಿಯವರು ಒಂದು ಕಾಲನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ನೆಲದ ಮೇಲೆ ಪೂರ್ಣವಾಗಿ ಚಾಚಿ, ತೊಡೆಗಳು ನೆಲವನ್ನು ಮುಟ್ಟುವಷ್ಟು ಕೆಳಗಿಳಿದು ಅದನ್ನು ಮೇಲೆತ್ತಿ, ಮರುಕ್ಷಣದಲ್ಲಿ ಅಂಕಣದ ನಡುವೆ ನೆಟ್ಟಗೆ ನಿಂತಿರುತ್ತಿದ್ದರು. ಹೊಡೆತದ ರಭಸವನ್ನೇ ಪರಾಕ್ರಮವೆಂದು ಎಣಿಸುವವರಿಗೆ ಇಲ್ಲಿ ನೋಡತಕ್ಕುದು ಅಲ್ಪವೆನಿಸಬಹುದು. ನನ್ನ ದೃಷ್ಟಿಯಲ್ಲಿ ಮಹಿಳೆಯರ ಬ್ಯಾಡ್ಮಿಂಟನ್ ಕಂಡ ಅತ್ಯಂತ ಕಠಿನವಾದ ಪರಾಕ್ರಮ ಇದೇ.

ಸೂಸಿ ಜನಿಸಿದುದು 1971ರ ಫೆಬ್ರವರಿ 11ರಂದು, ಪಶ್ಚಿಮ ಜಾವಾದ ತಸಿಕ್‌ಮಲಾಯ ಎಂಬ ಊರಿನಲ್ಲಿ, ಚೀನೀ ಮೂಲದ ಕುಟುಂಬದಲ್ಲಿ. ಬ್ಯಾಡ್ಮಿಂಟನ್ನನ್ನು ರಾಷ್ಟ್ರದ ಮಾನವೆಂದೇ ಭಾವಿಸುವ ದೇಶ ಅದು. 1980ರಲ್ಲಿ ವೆಂಬ್ಲಿಯಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರು ಮಣಿಸಿದ ಲೀಮ್ ಸ್ವೀ ಕಿಂಗ್ ಆ ಪರಂಪರೆಯವರೇ ಆದುದರಿಂದ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಾಲ್ಯದಲ್ಲಿಯೇ ಮನೆ ಬಿಟ್ಟು ಜಕಾರ್ತದ ಜಾಯಾ ರಾಯಾ ಕ್ಲಬ್ಬನ್ನು ಸೇರಿದ ಆಕೆಯನ್ನು ತಿದ್ದಿ ಬೆಳೆಸಿದವರು ಲಿಯಾಂಗ್ ಚಿಯು ಸಿಯಾ; ಇಂಡೊನೇಷ್ಯದಲ್ಲಿ ಹುಟ್ಟಿ, ಚೀನಾದ ಪರವಾಗಿ ಆಡಿ ಕೀರ್ತಿ ಪಡೆದು, ಜನ್ಮಭೂಮಿಗೆ ಮರಳಿ ಬಂದ ಗುರು.

1989ರಲ್ಲಿ ಜಕಾರ್ತದಲ್ಲಿ ನಡೆದ, ದೇಶಗಳ ಮಿಶ್ರ ತಂಡಗಳು ಸೆಣಸುವ ಪ್ರಪ್ರಥಮ ಸುದಿರ್ಮಾನ್ ಕಪ್ಪಿನ ಅಂತಿಮ ಸ್ಪರ್ಧೆಯಲ್ಲಿ, ಕೊರಿಯವು 2–0ಯಿಂದ ಮುಂದಿದ್ದಾಗ, ಹದಿನೆಂಟರ ಸೂಸಿ ಅಂಕಣಕ್ಕಿಳಿದರು. ಲೀ ಯಂಗ್-ಸುಕ್ ಅವರೆದುರು ಮೊದಲ ಗೇಮು 10–12ರಿಂದ ಹೋಯಿತು. ಎರಡನೆಯದರಲ್ಲಿಯೂ ಎದುರಾಳಿ 10ರವರೆಗೆ ಬಂದು, ದೇಶದ ಸೋಲಿಗೆ ಒಂದೇ ಅಂಕ ಉಳಿದಿದ್ದಿತು. ಅಲ್ಲಿಂದ 12–10, ಮೂರನೆಯ ಗೇಮು 11–0. ಇಂಡೊನೇಷ್ಯ 3–2ರಿಂದ ಗೆದ್ದಿತು. ಆ ಕಪ್ಪನ್ನು ಆ ದೇಶ ಗೆದ್ದದ್ದು ಆ ಒಂದೇ ಸಲ.

ಬಾರ್ಸಿಲೋನಾದ ಪದಕವು 1952ರಲ್ಲಿ ಮೊದಲಬಾರಿಗೆ ಒಲಿಂಪಿಕ್ಸಿಗೆ ಕಾಲಿಟ್ಟ ಆ ರಾಷ್ಟ್ರದ ಪ್ರಥಮ ಸ್ವರ್ಣ. ಅದೇ ದಿನ ಪುರುಷರ ಸಿಂಗಲ್ಸ್ ಸ್ವರ್ಣವನ್ನು ಗೆದ್ದ ಅಲನ್ ಬುದಿಕುಸುಮ ಅವರನ್ನು ಆಕೆ 1997ರಲ್ಲಿ ವರಿಸಿದರು. ನಡುವೆ 1994 ಮತ್ತು 1996ರ ಮಹಿಳಾ ತಂಡಗಳ ಉಬರ್ ಕಪ್ ವಿಜಯಗಳು, ಅಟ್ಲಾಂಟಾ ಒಲಿಂಪಿಕ್ಸಿನ ಸೆಮಿಫೈನಲ್ಲಿನಲ್ಲಿ ಬಾಂಗ್ ಅವರಿಗೇ ಸೋತು ಪಡೆದ ಕಂಚು. ಹಿಂದಿನ ಅಂತಿಮ ಪಂದ್ಯಗಳಲ್ಲಿ ಸೋತಿದ್ದ ಬಾಂಗ್ ಇಲ್ಲಿ ಗೆದ್ದುದು ನ್ಯಾಯವೆಂದೇ ಹೇಳಬೇಕು.

ಆದರೆ ಈ ಜೀವನದಲ್ಲಿ ನನ್ನನ್ನು ಹೆಚ್ಚಾಗಿ ಕಾಡುವ ಸಂಗತಿ ಅಂಕಣದ ಹೊರಗಿನದು. ಅಧ್ಯಕ್ಷ ಸುಹಾರ್ತೊ ಅವರ ಆಳ್ವಿಕೆಯಲ್ಲಿ ಚೀನೀ ಮೂಲದವರು ತಾವು ಹುಟ್ಟಿದ ನೆಲದ ಪ್ರಜೆಗಳೆಂಬುದಕ್ಕೆ ಪ್ರತ್ಯೇಕವಾದೊಂದು ಪ್ರಮಾಣಪತ್ರವನ್ನು ತೋರಿಸಬೇಕಾಗಿದ್ದಿತು. ದೇಶಕ್ಕೆ ಚೊಚ್ಚಲ ಸ್ವರ್ಣವನ್ನು ತಂದಿತ್ತ ಈ ದಂಪತಿಗಳೂ ಆ ಪತ್ರದ ತೊಡಕಿನಿಂದ ಪಾರಾಗಲಿಲ್ಲ. 1998ರ ಮೇ ತಿಂಗಳಲ್ಲಿ ಜಕಾರ್ತದಲ್ಲಿ ಚೀನೀ ಮೂಲದವರ ಮನೆಗಳೂ ಅಂಗಡಿಗಳೂ ಬೆಂಕಿಗೆ ತುತ್ತಾದ ದಿನಗಳಲ್ಲಿ, ಸೂಸಿಯವರು ಉಬರ್ ಕಪ್ಪಿಗಾಗಿ ಅದೇ ದೇಶದ ಹೆಸರಿನಲ್ಲಿ ಹಾಂಕಾಂಗಿನಲ್ಲಿದ್ದರು. ಅನಂತರ ಆಟದಿಂದ ನಿವೃತ್ತರಾದರು.

2018ರ ಏಷ್ಯನ್ ಕ್ರೀಡಾಕೂಟದ ಆರಂಭೋತ್ಸವದಲ್ಲಿ ಮಹಾಜ್ಯೋತಿಯನ್ನು ಬೆಳಗಿಸಲು ಜಕಾರ್ತವು ಆರಿಸಿದುದು ಸೂಸಿಯವರನ್ನೇ. ಆ ಗೌರವಕ್ಕೆ ಆಕೆಗಿಂತ ಅರ್ಹರಾದವರು ಇರಲಿಲ್ಲ. ಆದರೂ, ಕೊರಳಲ್ಲಿ ದೇಶದ ಪದಕವಿದ್ದಾಕೆಯ ಕೈಯಲ್ಲಿ ಪೌರತ್ವದ ಪತ್ರವನ್ನು ಕೇಳಿದ ಋಣವು ಅದರಿಂದ ತೀರಿತೆಂದು ನಾನು ನಂಬಲಾರೆ.