ವಸತಿಬೀದಿಯಲ್ಲಿ ವಾಹನಕ್ಕೊಂದು ತಾಣ

‘ಛತ್ರ’ ಎಂಬ ಪದದ ಅರ್ಥವು ಕಾಲಕ್ರಮದಲ್ಲಿ ಬಹಳ ಮಾರ್ಪಟ್ಟಿದೆ. ನಂಜನಗೂಡು ಸೀಮೆಯ ಚಿಕ್ಕಯ್ಯನಛತ್ರದಂತಹ ಊರುಗಳ ಹೆಸರಿನಲ್ಲಿ ಉಳಿದು ಬಂದಿರುವ ಆ ಪದವು ಹಿಂದೆ ದಾರಿಹೋಕರ ತಂಗುದಾಣವನ್ನು ಸೂಚಿಸುತ್ತಿದ್ದಿತು. ಅಲ್ಲಿ ಮನುಷ್ಯರಿಗೆ ಜಗಲಿಯಿದ್ದಂತೆ ಬಂಡಿಗಳನ್ನು ಬಿಡಲು ಬಯಲೂ ಇರುತ್ತಿದ್ದಿತು. ಇಂದು ಬೆಂಗಳೂರು ಮೈಸೂರುಗಳಲ್ಲಿ ಛತ್ರವೆಂದರೆ ಮದುವೆಯ ಮಂಟಪ. ಮುಹೂರ್ತದ ದಿನ ಬಸವನಗುಡಿಯ ಅಥವಾ ಮಲ್ಲೇಶ್ವರದ ಛತ್ರಕ್ಕೆ ಕಾರಿನಲ್ಲಿ ಹೋದವರು, ಅದನ್ನು ನಿಲ್ಲಿಸಲು ಎಡೆಯಿಲ್ಲದೆ ಅಡ್ಡರಸ್ತೆಗಳಲ್ಲಿ ಪ್ರದಕ್ಷಿಣೆ ಹಾಕಿಯೇ ಇರುವರು. ನೆಂಟರಿಗೆ ಇದು ಒಂದು ದಿನದ ಕಷ್ಟ. ಆ ಬೀದಿಗಳ ನಿವಾಸಿಗಳಿಗಾದರೋ ನಿತ್ಯದ ಪಾಡು.

ಈ ಎರಡು ಬಡಾವಣೆಗಳೂ ೧೮೯೦ರ ದಶಕದಲ್ಲಿ ರೂಪುಗೊಂಡವು. ಆಗ ಬೀದಿಗಳನ್ನು ಅಳೆದವರ ಮನಸ್ಸಿನಲ್ಲಿ ಮೋಟಾರು ಕಾರು ಇದ್ದಿರಲಾರದು. ಈಗ ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಸ್ಥಳ ಕಡಿಮೆ, ವಾಹನ ಹೆಚ್ಚು ಎಂದು ಹೇಳಿ ವಿಷಯವನ್ನು ಮುಗಿಸಿಬಿಡಬಹುದು. ಆದರೆ ಬೀದಿಯಲ್ಲಿ ಹತ್ತು ಕಾರುಗಳು ಹೆಚ್ಚಿದರೆ ಹುಡುಕಾಟವು ಹತ್ತರಷ್ಟೇ ಹೆಚ್ಚುವುದಿಲ್ಲ. ಒಂದು ಹಂತದವರೆಗೆ ತಿಳಿಯದಂತಿದ್ದು, ಆಮೇಲೆ ಒಮ್ಮೆಲೇ ಅಸಹನೀಯವಾಗುವುದು. ಇದೇಕೆಂಬುದನ್ನು ವಿಚಾರಿಸೋಣ.

ಮೊದಲು ಅಳತೆಯನ್ನು ನೋಡಿರಿ. ನಮ್ಮ ನಗರಗಳಲ್ಲಿ ಸಾಮಾನ್ಯವಾಗಿರುವ ಮೂವತ್ತು-ನಲವತ್ತರ ನಿವೇಶನದ ಮುಂಭಾಗ ೩೦ ಅಡಿ, ಎಂದರೆ ಸುಮಾರು ೯ ಮೀಟರ್. ಗೇಟಿಗೆ ೩ ಮೀಟರ್ ಬಿಟ್ಟರೆ ೬ ಮೀಟರ್ ಉಳಿಯುವುದು. ೪ ಮೀಟರ್ ಉದ್ದದ ಕಾರಿಗೆ ಒಳಹೊರಗೆ ತಿರುಗಿಸುವ ಎಡೆಯೂ ಸೇರಿ ೫ ಮೀಟರ್ ಬೇಕು. ಆದುದರಿಂದ ಮನೆಗೆ ಒಂದು ಕಾರು ಸರಿಹೋಯಿತು. ಎರಡನೆಯದಕ್ಕೆ ಆ ಬೀದಿಯಲ್ಲಿ ಲೆಕ್ಕವೇ ಇಲ್ಲ.

ಈ ಲೆಕ್ಕವೂ ಎಲ್ಲರೂ ಒತ್ತಾಗಿ ನಿಲ್ಲಿಸಿದರೆ ಮಾತ್ರ ಸರಿ. ೧೫ ಮೀಟರಿನ ತೆರವಿನಲ್ಲಿ ಮೂರು ಕಾರುಗಳು ನಿಲ್ಲಬಹುದಷ್ಟೆ. ಮೊದಲು ಬಂದವನು ತುದಿಯಿಂದ ೩ ಮೀಟರ್ ಬಿಟ್ಟು ನಿಲ್ಲಿಸಿದನೆನ್ನಿ. ಆಚೆ ಉಳಿದ ೭ ಮೀಟರಿನಲ್ಲಿ ಇನ್ನೊಂದೇ ಕಾರು ನಿಂತೀತು. ಯಾರೂ ಯಾವ ಅಪರಾಧವನ್ನೂ ಮಾಡಲಿಲ್ಲ, ಆದರೂ ಒಂದು ತಾಣ ಕಳೆದುಹೋಯಿತು. ಉದ್ದವಾದ ರಸ್ತೆಯ ಅಂಚಿನಲ್ಲಿ ಎಲ್ಲರೂ ಹೀಗೆ ಮನಬಂದೆಡೆ ನಿಲ್ಲಿಸುತ್ತ ಹೋದರೆ ಕೊನೆಗೆ ಎಷ್ಟು ಭಾಗ ತುಂಬೀತು? ಹಂಗೇರಿಯ ಗಣಿತಜ್ಞ ಆಲ್ಫ್ರೆಡ್ ರೇನಿ ೧೯೫೮ರಲ್ಲಿ ಇದಕ್ಕೆ ಉತ್ತರ ಕಂಡುಹಿಡಿದನು: ಶೇಕಡಾ ೭೪.೭೬. ಎಂದರೆ ರಸ್ತೆಯಲ್ಲಿ ಇನ್ನೊಂದು ಕಾರಿಗೂ ಎಡೆಯಿಲ್ಲದಿರುವಾಗಲೂ ಅದರ ಕಾಲುಭಾಗ ಬರಿದಾಗಿಯೇ ಇರುವುದು! ಇಂತಹುದೇ ಪ್ರಶ್ನೆಯನ್ನು ರಸಾಯನಶಾಸ್ತ್ರಜ್ಞ ಪಾಲ್ ಫ್ಲೋರಿ ೧೯೩೯ರಲ್ಲಿಯೇ ಬೇರೊಂದು ಸಂದರ್ಭದಲ್ಲಿ ಬಿಡಿಸಿದ್ದನು. ದೀರ್ಘವಾದ ಅಣುಸರಪಳಿಯಲ್ಲಿ ಪಕ್ಕಪಕ್ಕದ ಗುಂಪುಗಳು ಯಾದೃಚ್ಛಿಕವಾಗಿ ಜೊತೆಗೂಡುತ್ತ ಹೋದರೆ, ಶೇಕಡಾ ೧೩.೫ರಷ್ಟು ಗುಂಪುಗಳು ಜೊತೆಯಿಲ್ಲದೆ ಒಂಟಿಯಾಗಿ ಉಳಿಯುವುವು. ಅಣುವಿಗಾಗಲಿ ಕಾರಿಗಾಗಲಿ ನಿಯಮ ಒಂದೇ ಬಗೆಯದು. ಕಾರಿನವನು ಅಣುವಿಗಿಂತ ಕೊಂಚ ವಿವೇಕಿಯಾದುದರಿಂದ ನಿಜವಾದ ಬೀದಿಯಲ್ಲಿ ನಷ್ಟ ಇಷ್ಟಾಗದೆನ್ನಿ. ಅಂಚಿನಲ್ಲಿ ಬಿಳಿ ಗೆರೆಗಳನ್ನು ಎಳೆಯುವುದರ ಪ್ರಯೋಜನವು ಇದರಿಂದ ತಿಳಿಯುವುದು.

ಇನ್ನು ಹುಡುಕಾಟದ ಮಾತು. ಹತ್ತು ತಾಣಗಳಲ್ಲಿ ಎಂಟು ತುಂಬಿದ್ದರೆ, ಖಾಲಿಯಾದುದೊಂದು ಸಿಕ್ಕಲು ಸರಾಸರಿಯಲ್ಲಿ ೫ ತಾಣಗಳನ್ನು ನೋಡಬೇಕು. ನೂರರಲ್ಲಿ ೯೦ ತುಂಬಿದ್ದರೆ ೧೦. ೯೫ ತುಂಬಿದ್ದರೆ ೨೦. ೯೮ ತುಂಬಿದ್ದರೆ ೫೦. ೯೦ರಿಂದ ೯೮ಕ್ಕೆ ಹೋಗುವಾಗ ಹೆಚ್ಚಿದುದು ಎಂಟೇ ಕಾರು, ಆದರೆ ಅಲೆದಾಟವು ಐದುಪಟ್ಟಾಯಿತು. ‘ಮೊನ್ನೆಯವರೆಗೆ ಚೆನ್ನಾಗಿತ್ತು, ಈಗ ಏನಾಯಿತೋ’ ಎಂದು ನಿವಾಸಿಗಳು ಹೇಳುವುದರ ಕಾರಣ ಇದೇ.

ಬೀದಿಯು ಪೂರ್ತಿ ತುಂಬಿದ ಮೇಲೆ ಈ ಲೆಕ್ಕವೂ ಸಲ್ಲದು. ಆಗ ನಾವು ಹುಡುಕುವುದು ಖಾಲಿ ತಾಣವನ್ನಲ್ಲ, ಹೊರಡುವ ಕಾರನ್ನು. ಕೆಲವು ಅಡ್ಡರಸ್ತೆಗಳಲ್ಲಿ ಒಟ್ಟು ೨೦೦ ತಾಣಗಳಿವೆಯೆಂದು ಭಾವಿಸಿರಿ. ಅಂಗಡಿಬೀದಿಯಲ್ಲಿ ಒಂದೊಂದು ಕಾರು ಅರ್ಧ ಗಂಟೆ ನಿಲ್ಲುವುದಾದರೆ ಗಂಟೆಗೆ ೪೦೦ ಕಾರುಗಳು ಹೊರಡುವುವು. ೯ ಸೆಕೆಂಡಿಗೊಂದು ತಾಣ ತೆರವಾಗುವುದು. ವಸತಿಬೀದಿಯಲ್ಲಿ ಕಾರು ೧೨ ಗಂಟೆ ನಿಲ್ಲುವುದಾದರೆ ಗಂಟೆಗೆ ಹೊರಡುವುವು ಸುಮಾರು ೧೭, ಮೂರೂವರೆ ನಿಮಿಷಕ್ಕೊಂದು. ಐವರು ಹುಡುಕುತ್ತಿದ್ದರೆ ಒಬ್ಬೊಬ್ಬನ ಪಾಲಿಗೆ ಹದಿನೆಂಟು ನಿಮಿಷ. ಈ ಬಗೆಯ ಗಣನೆಗೆ ಆಧಾರವಾದ ಸೂತ್ರವನ್ನು ಜಾನ್ ಲಿಟಲ್ ಎಂಬಾತನು ೧೯೬೧ರಲ್ಲಿ ಸಾಧಿಸಿ ತೋರಿಸಿದನು. ಇದೂ ಸರಾಸರಿಯ ಮಾತು. ವಸತಿಬೀದಿಯ ಕಾರುಗಳು ಹೊರಡುವುದು ಬೆಳಗ್ಗೆ. ರಾತ್ರಿ ಒಂಬತ್ತಕ್ಕೆ ಮನೆಗೆ ಮರಳುವವನ ಪಾಲಿಗೆ ಹೊರಡುವವರೇ ಇಲ್ಲ. ಅಂಗಡಿಬೀದಿ ಎಷ್ಟೇ ಗಿಜಿಗುಟ್ಟಿದರೂ ಹರಿಯುವ ಕಾಲುವೆ. ವಸತಿಬೀದಿ ನಿಂತ ಕೊಳ.

ಆದ್ದರಿಂದಲೇ ಮನೆಯ ಮುಂದೆ ಕಲ್ಲು, ಹೂಕುಂಡ, ಮುರಿದ ಕುರ್ಚಿಗಳು ಕಾಣಿಸಿಕೊಳ್ಳುವುವು. ಗೇಟಿಗೆ ಅಡ್ಡವಾಗಿ ಯಾರೂ ನಿಲ್ಲಿಸಬಾರದೆಂಬುದು ನ್ಯಾಯ. ಆದರೆ ಗೇಟಿನ ಪಕ್ಕದ ರಸ್ತೆಯು ಸಾರ್ವಜನಿಕರದು. ಹಗಲೆಲ್ಲ ಹೂಕುಂಡದಿಂದ ಕಾಯ್ದಿಟ್ಟ ತಾಣವು ಯಾರಿಗೂ ಉಪಯೋಗವಿಲ್ಲದೆ ತುಂಬಿದ ಲೆಕ್ಕಕ್ಕೆ ಸೇರುವುದು. ಇದಕ್ಕಿಂತ ಗಂಭೀರವಾದ ಸಂಗತಿಯೊಂದುಂಟು. ೨೦ ಅಡಿಯ ರಸ್ತೆಯ ಅಗಲ ೬.೧ ಮೀಟರ್. ೧.೮ ಮೀಟರ್ ಅಗಲದ ಕಾರುಗಳು ಎರಡು ಬದಿಯಲ್ಲಿಯೂ ನಿಂತರೆ ನಡುವೆ ಉಳಿಯುವುದು ೨.೫ ಮೀಟರ್. ಅಗ್ನಿಶಾಮಕ ವಾಹನದ ಅಗಲವೇ ಸುಮಾರು ಅಷ್ಟು. ಚರಂಡಿಯ ಅಂಚಿನಿಂದ ಒಂದು ಗೇಣು ಈಚೆ ನಿಲ್ಲಿಸಿದವನಿಂದಾಗಿ ಅದು ಬೀದಿಯ ತಿರುವಿನಲ್ಲಿಯೇ ನಿಂತುಬಿಡಬಹುದು.

ಪರಿಹಾರಗಳು ಹಲವು ನಡೆದಿವೆ. ಅಮೆರಿಕದ ಒಕ್ಲಹೋಮಾ ನಗರದಲ್ಲಿ ೧೯೩೫ರ ಜುಲೈನಲ್ಲಿ ಮೊದಲ ಪಾರ್ಕಿಂಗ್ ಮೀಟರನ್ನು ನೆಟ್ಟರು. ಏಳರಲ್ಲಿ ಒಂದು ತಾಣವಾದರೂ ಖಾಲಿಯುಳಿಯುವಂತೆ ಶುಲ್ಕವನ್ನು ನಿಗದಿಮಾಡಬೇಕೆಂದು ಡೊನಾಲ್ಡ್ ಶೂಪ್ ಎಂಬ ವಿದ್ವಾಂಸನು ೨೦೦೫ರ ತನ್ನ ಗ್ರಂಥದಲ್ಲಿ ವಾದಿಸಿದನು. ಮೇಲಿನ ಗಣನೆಯನ್ನು ನೋಡಿದವರಿಗೆ ಇದರ ಔಚಿತ್ಯ ಹೊಳೆದೀತು. ಆದರೆ ಗಂಟೆಯ ಶುಲ್ಕವು ಅಂಗಡಿಬೀದಿಗೆ ಮದ್ದು. ರಾತ್ರಿ ಮಲಗಿರುವವನ ಕಾರನ್ನು ಅದು ಎಲ್ಲಿಗೆ ಅಟ್ಟೀತು? ಜಪಾನು ೧೯೬೨ರಲ್ಲಿಯೇ ಬೇರೆ ದಾರಿ ಹಿಡಿಯಿತು: ಕಾರನ್ನು ಇರಿಸಲು ರಸ್ತೆಯಲ್ಲದ ಸ್ಥಳವುಂಟೆಂದು ಮೊದಲು ತೋರಿಸಬೇಕು. ಇದು ಕಠಿಣ, ಆದರೆ ರೋಗದ ಬೇರಿಗೆ ಮುಟ್ಟುವ ಚಿಕಿತ್ಸೆ.

ಬೆಂಗಳೂರಿಗಾಗಿ ಸಿದ್ಧಪಡಿಸಿದ ‘ಪಾರ್ಕಿಂಗ್ ನೀತಿ ೨.೦’ರಲ್ಲಿ ನಿವಾಸಿಗಳಿಗೆ ವಾರ್ಷಿಕ ಶುಲ್ಕದ ಮೇಲೆ ಪರವಾನಗಿ ಕೊಡುವ ಸೂಚನೆಯಿದೆ. ಇದು ಫಲಿಸಬೇಕಾದರೆ ಒಂದೊಂದು ಬೀದಿಯ ತಾಣಗಳನ್ನೂ ಎಣಿಸಬೇಕು; ನೂರು ತಾಣಗಳಿರುವಲ್ಲಿ ನೂರೈವತ್ತು ಪರವಾನಗಿ ಕೊಟ್ಟರೆ ಅದು ಕೇವಲ ರಸೀದಿ. ನನ್ನ ಅಭಿಪ್ರಾಯದಲ್ಲಿ ನೂರಕ್ಕೆ ಎಂಬತ್ತೈದನ್ನು ಕೊಟ್ಟು, ಮಿಕ್ಕ ಹದಿನೈದನ್ನು ನೆಂಟರಿಗೂ ವೈದ್ಯರಿಗೂ ಮನೆಗೆ ಸಾಮಾನು ತರುವವರಿಗೂ ಬಿಡುವುದು ಲೇಸು. ಮನೆಯ ಎರಡನೆಯ ಕಾರಿಗೆ ಒಡೆಯನೇ ತನ್ನ ನಿವೇಶನದೊಳಗೆ ಸ್ಥಳ ಹುಡುಕಿಕೊಳ್ಳಬೇಕಾಗುವುದು.