ಹಿಮ್ಮಡಿಯ ಒಂದು ಹನಿ ರಕ್ತ, ತಡವಾಗಿ ಆರುವ ಒಂದು ಬೆಳಕು

ವಾಗ್ಳೆ ಎಸ್ಟೇಟಿನ ನಮ್ಮ ಮನೆಯಿಂದ ಈ ವಾರದ ಮಾತು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಈಚೆಗೆ ನನ್ನ ತಂಗಿಗೆ ಹೆರಿಗೆ ಆಯ್ತು. ಮೂರನೇ ದಿನ ನರ್ಸ್ ಬಂದು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ, ದಪ್ಪ ಕಾಗದದ ಮೇಲೆ ನಾಲ್ಕಾರು ಹನಿ ರಕ್ತ ಇಳಿಸಿಕೊಂಡು ಹೋದರು. ಅಮ್ಮನಿಗೆ ಸಿಟ್ಟು. "ಎಳೇ ಕೂಸಿಗೆ ಯಾಕೋ ಈ ಹಿಂಸೆ? ಚೆನ್ನಾಗೇ ಇದೆಯಲ್ಲ!"

ಚೆನ್ನಾಗೇ ಇತ್ತು. ಕಷ್ಟ ಇರೋದೇ ಅಲ್ಲಿ. ಹುಟ್ಟಿನಿಂದಲೇ ಥೈರಾಯ್ಡ್ ಸರಿಯಾಗಿ ಕೆಲಸ ಮಾಡದ ಮಗು ಮೊದಲ ವಾರಗಳಲ್ಲಿ ಬೇರೆ ಮಕ್ಕಳ ಹಾಗೇ ಕಾಣುತ್ತೆ. ನಮಗೆ ಗೊತ್ತಾಗುವ ಹೊತ್ತಿಗೆ ಮಿದುಳಿನ ಬೆಳವಣಿಗೆಗೆ ಏಟು ಬಿದ್ದಿರುತ್ತೆ. ನಮ್ಮ ದೇಶದಲ್ಲಿ ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಈ ತೊಂದರೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಎಲ್ಲರ ಹಾಗೆ ಬೆಳೆಯುತ್ತೆ.

ಹುಡುಕಬೇಕಾದ್ದು ಟಿಎಸ್‌ಎಚ್ ಅನ್ನುವ ಹಾರ್ಮೋನು. ಥೈರಾಯ್ಡ್ ಸೋಮಾರಿಯಾದರೆ ಇದು ಏರುತ್ತೆ. ಒಣಗಿದ ರಕ್ತದ ಕಾಗದದಿಂದ ಸುಮಾರು 3 ಮಿಲಿಮೀಟರಿನ ಚೂರು ಕತ್ತರಿಸಿ, ಹಾರ್ಮೋನಿಗೆ ಮಾತ್ರ ಅಂಟುವ ಆಂಟಿಬಾಡಿಯೊಂದನ್ನು ಕಳಿಸುತ್ತಾರೆ. ಅದರ ಬೆನ್ನಿಗೆ ಹೊಳೆಯುವ ಗುರುತು ಕಟ್ಟಿರುತ್ತಾರೆ. ಆದರೆ ಅತಿನೇರಳೆ ಬೆಳಕು ಹಾಕಿದರೆ ರಕ್ತದ ಅಂಶಗಳು, ಪ್ಲಾಸ್ಟಿಕ್ ತಟ್ಟೆ ಎಲ್ಲ ತಾವೂ ಮಿನುಗುತ್ತವೆ. ಸಂಜೆ ಏಳಕ್ಕೆ ತೀನ್ ಹಾತ್ ನಾಕಾದ ಹೆಡ್‌ಲೈಟುಗಳ ನಡುವೆ ಮಿಂಚುಹುಳ ಹುಡುಕಿದ ಹಾಗೆ.

ಇಲ್ಲೇ ಯುರೋಪಿಯಂ ಬರೋದು. ಲ್ಯಾಂಥನೈಡ್ ಅನ್ನುವ ಹದಿನೈದು ಧಾತುಗಳ ಗುಂಪಿನದು. ಹಳೇ ಡಬ್ಬಾ ಟಿವಿಯ ಕೆಂಪು ಬಣ್ಣ ಬರುತ್ತಿದ್ದದ್ದು ಇದರಿಂದಲೇ. ರಕ್ತದ, ಪ್ಲಾಸ್ಟಿಕ್ಕಿನ ಮಿನುಗು ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗಗಳಲ್ಲಿ ಸತ್ತುಹೋಗುತ್ತೆ. ಯುರೋಪಿಯಂ ಮಾತ್ರ ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಭಾಗ ಬೆಳಗುತ್ತೆ. ಲಕ್ಷಾಂತರ ಪಟ್ಟು ಹೆಚ್ಚು ಹೊತ್ತು, ನೋಡಿ! ಹಾಗಾಗಿ ಉಪಾಯ ಸರಳ: ದೀಪ ಹಾಕಿ, ಆರಿಸಿ, ಸ್ವಲ್ಪ ಕಾದು, ಆಮೇಲೆ ನೋಡಿ. ಯಂತ್ರ 400 ಮೈಕ್ರೋಸೆಕೆಂಡ್ ಕಾಯುತ್ತೆ, ಇನ್ನೊಂದು 400 ಎಣಿಸುತ್ತೆ, ಇಂಥದ್ದನ್ನು ಸೆಕೆಂಡಿಗೆ ಸಾವಿರ ಸಲ ಮಾಡುತ್ತೆ. 1980ರ ದಶಕದಲ್ಲಿ ಫಿನ್ಲೆಂಡಿನ ತುರ್ಕು ಊರಿನಲ್ಲಿ ರೂಪುಗೊಂಡ ವಿಧಾನ ಇದು. (ಮಕ್ಕಳ ಕೋಣೆಯ ಛಾವಣಿಗೆ ಅಂಟಿಸುವ 'ರೇಡಿಯಂ' ನಕ್ಷತ್ರಗಳು ಲೈಟ್ ಆರಿಸಿದ ಮೇಲೆ ಹೊಳೀತಾವಲ್ಲ, ಈಗಿನವುಗಳಲ್ಲಿ ಹೆಚ್ಚಿನವಕ್ಕೆ ರೇಡಿಯಂ ಹಾಕಿರೋದಿಲ್ಲ, ಯುರೋಪಿಯಂ ಹಾಕಿರುತ್ತಾರೆ. ಅದು ಹೊಳೆಯುವ ಕಾರಣ ಬೇರೆ, ಅದು ಇನ್ನೊಂದು ದಿನಕ್ಕೆ.)

ಯಾಕಿಷ್ಟು ನಿಧಾನ? ಬೆಳಕು ಕೊಡುವ ಎಲೆಕ್ಟ್ರಾನು ಪರಮಾಣುವಿನ ಒಳಮನೆಯಲ್ಲಿದೆ. ಅದು ಮಾಡಬೇಕಾದ ಜಿಗಿತಕ್ಕೆ ಕ್ವಾಂಟಮ್ ನಿಯಮದ ಅಡ್ಡಿಯಿದೆ, ಅದಕ್ಕೇ ತಡ. ಅದೇ ಅಡ್ಡಿಯಿಂದ ಬೆಳಕು ಹೀರುವುದರಲ್ಲೂ ಅದು ಬಲು ಜಿಪುಣ. ಹಾಗಾಗಿ ಪಕ್ಕದಲ್ಲೊಂದು ಸಾವಯವ ಅಣು ಕೂರಿಸುತ್ತಾರೆ. ಅದು ಆಂಟೆನಾ ಥರ ಬೆಳಕು ಹಿಡಿದು ಯುರೋಪಿಯಂಗೆ ದಾಟಿಸುತ್ತೆ. ನೀರು ಹತ್ತಿರ ಬಂದರೆ ಶಕ್ತಿಯನ್ನೆಲ್ಲ ಕದ್ದುಬಿಡುತ್ತೆ, ಅದಕ್ಕೆ ಸುತ್ತ ಅಣುಗಳದೇ ಬೇಲಿ. ಒಳ್ಳೆಯ ಗುರುತು ಮಾಡುವ ಕಸುಬೆಲ್ಲ ಈ ಆಂಟೆನಾ ಮತ್ತು ಬೇಲಿಯಲ್ಲೇ ಇದೆ ಅಂತ ನನಗನ್ನಿಸುತ್ತೆ.

ಇದರ ಅಣ್ಣತಮ್ಮಂದಿರೂ ವೈದ್ಯದಲ್ಲಿದ್ದಾರೆ. ಎಂಆರ್‌ಐಗೆ ಮೊದಲು ನರಕ್ಕೆ ಕೊಡುವ ಗ್ಯಾಡೊಲಿನಿಯಂ ಕೆಲಸ ಮಾಡೋದು ಬೆಳಕಿನಿಂದ ಅಲ್ಲ, ಕಾಂತಗುಣದಿಂದ. ನಮ್ಮ ಖಾಡಿಯ ಇದೇ ದಡದ ಟ್ರಾಂಬೆಯ ರಿಯಾಕ್ಟರಿನಲ್ಲಿ ತಯಾರಾಗುವ ಲುಟೇಶಿಯಂ-177 ಕೆಲವು ಗಡ್ಡೆಗಳನ್ನು ಸುಡುತ್ತಲೇ, ತಾನು ಎಲ್ಲಿದ್ದೇನೆ ಅಂತ ಗಾಮಾ ಕಿರಣದಿಂದ ತೋರಿಸಿಯೂ ಕೊಡುತ್ತೆ.

ಒಂದು ಮಾತು. ಹಿಮ್ಮಡಿ ಪರೀಕ್ಷೆಯನ್ನು ನಮ್ಮಲ್ಲಿ ಎಲ್ಲ ಆಸ್ಪತ್ರೆಗಳೂ ತಾವಾಗಿ ಮಾಡುವುದಿಲ್ಲ. ಹೆರಿಗೆಗೆ ಮುಂಚೆಯೇ ಕೇಳಿ. ಹುಟ್ಟಿದ ತಕ್ಷಣ ಎಲ್ಲ ಮಕ್ಕಳಲ್ಲೂ ಟಿಎಸ್‌ಎಚ್ ಜಿಗಿಯುತ್ತೆ, ಅದಕ್ಕೇ ಎರಡು ದಿನ ಕಳೆದ ಮೇಲೆ ರಕ್ತ ತೆಗೆಯೋದು.

ಏಳನೇ ದಿನ ತಂಗಿಗೆ ಫೋನ್ ಬಂತು: ಇನ್ನೊಮ್ಮೆ ರಕ್ತ ಕೊಡಿ, ಈ ಸಲ ನರದಿಂದ. ಹನ್ನೊಂದನೇ ದಿನ ಮಾತ್ರೆ ಶುರುವಾಯ್ತು. ಈಗ ದಿನಾ ಬೆಳಿಗ್ಗೆ ಅದನ್ನು ಪುಡಿ ಮಾಡಿ, ಒಂದು ಚಮಚ ಎದೆಹಾಲಿನಲ್ಲಿ ಕಲಸಿ ಕುಡಿಸೋದು ಅಮ್ಮನೇ. ಬೇರೆ ಯಾರಿಗೂ ಬಿಡೋದಿಲ್ಲ.