ಇಲಾಖೆಗಳ ನಡುವಿನ ಮನಸ್ತಾಪ ಮತ್ತು ಪ್ರಮೋದ ಭಾವನೆ: ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನಿದರ್ಶನ

ನರಸಿಂಹರಾಜಪುರದ ಸಿಂಹನಗದ್ದೆ ಬಸ್ತಿಮಠಕ್ಕೆ, ಶ್ರೀ ಜ್ವಾಲಾಮಾಲಿನಿ ಅಮ್ಮನವರ ದರ್ಶನಕ್ಕೆ ಹೋಗುವ ಯಾತ್ರಿಕರಿಗೆ ಆ ಭಾಗದ ಭದ್ರಾ ಹಿನ್ನೀರು ಪರಿಚಿತ. ಆ ನೀರನ್ನು ತಡೆದು ನಿಲ್ಲಿಸಿರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಅಣೆಕಟ್ಟೆ. ಹೊರಗಿನಿಂದ ನೋಡುವವರಿಗೆ ಅಲ್ಲಿ ಕಾಣುವುದು ಒಂದು ಕಟ್ಟೆ, ಒಂದು ಕೆರೆ. ಅದನ್ನು ನಡೆಸುವುದು ಮಾತ್ರ ಹಲವು ಇಲಾಖೆಗಳ ಕೆಲಸ. ಇಷ್ಟು ಕಚೇರಿಗಳು ಒಂದೇ ನೀರಿನ ಸುತ್ತ ಕೆಲಸ ಮಾಡುವಾಗ ಭಿನ್ನಾಭಿಪ್ರಾಯ ಸಹಜ. ಅದು ಮನಸ್ತಾಪವಾಗಿ ಬೆಳೆಯದಂತೆ ತಡೆಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಒಂದೇ ನೀರು, ಹಲವು ಕೈಗಳು

ಕುದುರೆಮುಖ ಪರಿಸರದ ಗಂಗಾಮೂಲದಲ್ಲಿ ಹುಟ್ಟುವ ಭದ್ರಾ ನದಿ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಗೆ ಬರುತ್ತದೆ. ಇಲ್ಲಿನ ಜಲಾಶಯದ ಪೂರ್ಣಮಟ್ಟ 186 ಅಡಿ, ಒಟ್ಟು ಸಂಗ್ರಹ ಸಾಮರ್ಥ್ಯ ಸುಮಾರು 71.5 ಟಿಎಂಸಿ. ಎಡದಂಡೆ ಮತ್ತು ಬಲದಂಡೆ ನಾಲೆಗಳ ಮೂಲಕ ಈ ನೀರು ಶಿವಮೊಗ್ಗ, ದಾವಣಗೆರೆ, ಚಿಕ್ಕಮಗಳೂರು ಮುಂತಾದ ಜಿಲ್ಲೆಗಳ ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು ಅಚ್ಚುಕಟ್ಟಿಗೆ ಹರಿಯುತ್ತದೆ. ಭತ್ತ, ಅಡಿಕೆ, ತೆಂಗು ಎಲ್ಲವೂ ಇದನ್ನೇ ನಂಬಿವೆ.

ಅಣೆಕಟ್ಟೆ ಮತ್ತು ನಾಲೆಗಳ ಹೊಣೆ ಕರ್ನಾಟಕ ನೀರಾವರಿ ನಿಗಮದ್ದು. ವಿದ್ಯುದಾಗಾರಗಳು ಕರ್ನಾಟಕ ವಿದ್ಯುತ್ ನಿಗಮಕ್ಕೆ ಸೇರಿದವು. ಜಲಾಶಯಕ್ಕೆ ಹೊಂದಿಕೊಂಡಿರುವ ಭದ್ರಾ ಹುಲಿ ಸಂರಕ್ಷಿತ ಪ್ರದೇಶವನ್ನು ಅರಣ್ಯ ಇಲಾಖೆ ಕಾಯುತ್ತದೆ. ಅಚ್ಚುಕಟ್ಟಿನ ಅಭಿವೃದ್ಧಿಗೆ ಶಿವಮೊಗ್ಗದಲ್ಲಿ ಭದ್ರಾ ಕಾಡಾ ಇದೆ. ನೀರನ್ನು ಯಾವಾಗ, ಎಷ್ಟು ದಿನ ಬಿಡಬೇಕು ಎಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಚರ್ಚೆಯಾಗುತ್ತದೆ. ಕೃಷಿ, ಕಂದಾಯ, ಪೊಲೀಸ್ ಇಲಾಖೆಗಳಿಗೂ ವಿದ್ಯುತ್ ಸರಬರಾಜು ಕಂಪನಿಗಳಿಗೂ ಇದರಲ್ಲಿ ತಮ್ಮ ತಮ್ಮ ಪಾತ್ರವಿದೆ.

ಇವರೆಲ್ಲರ ಅಗತ್ಯಗಳು ಒಂದೇ ದಿಕ್ಕಿನಲ್ಲಿ ಇರುವುದಿಲ್ಲ. ಬೇಸಿಗೆ ಬೆಳೆಗೆ ಹೆಚ್ಚು ದಿನ ನೀರು ಬೇಕು ಎಂದು ರೈತರು ಕೇಳುತ್ತಾರೆ. ಮುಂದಿನ ಮಳೆಗಾಲದವರೆಗೆ ಕುಡಿಯುವ ನೀರು ಉಳಿಸಬೇಕಾದದ್ದು ಅಧಿಕಾರಿಗಳ ಹೊಣೆ. ವಿದ್ಯುದಾಗಾರಕ್ಕೆ ಜಲಾಶಯದ ಮಟ್ಟ ಎತ್ತರದಲ್ಲಿದ್ದಷ್ಟೂ ಒಳ್ಳೆಯದು. ಮಳೆ ಚೆನ್ನಾಗಿ ಬಂದ ವರ್ಷ ಈ ವ್ಯತ್ಯಾಸಗಳು ಕಾಣುವುದಿಲ್ಲ. ಮಳೆ ಕೈಕೊಟ್ಟ ವರ್ಷ ಎಲ್ಲವೂ ಒಟ್ಟಿಗೇ ಮೇಲೆ ಬರುತ್ತವೆ.

ಮನಸ್ತಾಪ ಎಲ್ಲಿ ಹುಟ್ಟುತ್ತದೆ?

ನಾಲೆಯ ಕೊನೆಭಾಗದ ಒಂದು ಊರಿಗೆ ನೀರು ತಲುಪಲಿಲ್ಲ ಎಂದಿಟ್ಟುಕೊಳ್ಳೋಣ. ರೈತರು ಮೊದಲು ದೂರುವುದು ನೀರುಗಂಟಿಯನ್ನು. ನೀರುಗಂಟಿ, ಮೇಲಿನಿಂದಲೇ ನೀರು ಬಂದಿಲ್ಲ ಎನ್ನುತ್ತಾನೆ. ಎಂಜಿನಿಯರ್ ಕೇಳಿದರೆ, ಬಿಟ್ಟ ನೀರನ್ನು ದಾರಿಯಲ್ಲೇ ಅಕ್ರಮ ಪಂಪ್‌ಸೆಟ್‌ಗಳು ಎಳೆದುಕೊಳ್ಳುತ್ತಿವೆ, ವಿದ್ಯುತ್ ಕಂಪನಿಯವರು ಸಂಪರ್ಕ ಕಡಿತ ಮಾಡುತ್ತಿಲ್ಲ ಎಂಬ ಉತ್ತರ ಸಿಗುತ್ತದೆ. ವಿದ್ಯುತ್ ಸಿಬ್ಬಂದಿ, ಪೊಲೀಸರ ರಕ್ಷಣೆಯಿಲ್ಲದೆ ಹೋದರೆ ಜನ ಮುತ್ತಿಗೆ ಹಾಕುತ್ತಾರೆ ಎನ್ನುತ್ತಾರೆ. ಪೊಲೀಸರು, ಕಂದಾಯ ಇಲಾಖೆಯಿಂದ ಆದೇಶ ಬರಲಿ ಎನ್ನುತ್ತಾರೆ. ಪ್ರತಿಯೊಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿರುತ್ತದೆ. ಆದರೆ ಅಷ್ಟು ಹೊತ್ತಿಗೆ ಗದ್ದೆಯ ಪೈರು ಒಣಗಿರುತ್ತದೆ.

ಈ ಸರಪಳಿಯಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರಿಗೂ ತಮ್ಮ ಕಷ್ಟ ಸಂಪೂರ್ಣವಾಗಿ ಗೊತ್ತು, ಪಕ್ಕದವರ ಕಷ್ಟ ಕಾಣುವುದಿಲ್ಲ. ರಾತ್ರಿ ಮೂರು ಗಂಟೆಗೆ ಟಾರ್ಚ್ ಹಿಡಿದು ತೂಬಿನ ಬಳಿ ನಿಂತ ನೀರುಗಂಟಿಯನ್ನು ಸಭೆಯಲ್ಲಿ ಕುಳಿತವರು ನೋಡಿರುವುದಿಲ್ಲ. ಸಭೆಯಲ್ಲಿ ನಾಲ್ಕು ಜಿಲ್ಲೆಗಳ ಬೇಡಿಕೆಯನ್ನು ಒಂದು ಕೋಷ್ಟಕಕ್ಕೆ ಹೊಂದಿಸಲು ಹೆಣಗುವ ಎಂಜಿನಿಯರನ್ನು ನೀರುಗಂಟಿ ನೋಡಿರುವುದಿಲ್ಲ. ಕಾಣದ ಶ್ರಮವನ್ನು ಮನುಷ್ಯ ಸುಲಭವಾಗಿ ಸೋಮಾರಿತನ ಎಂದುಕೊಳ್ಳುತ್ತಾನೆ. ಇಲಾಖೆಗಳ ನಡುವಿನ ಬಹುಪಾಲು ಮನಸ್ತಾಪದ ಬೇರು ಇಲ್ಲಿದೆ.

ಒಬ್ಬರ ಕೆಲಸ ಇನ್ನೊಬ್ಬರಿಗೆ ಆಧಾರ

ಲಕ್ಕವಳ್ಳಿಯಲ್ಲಿ ಇಲಾಖೆಗಳ ಪರಸ್ಪರ ಅವಲಂಬನೆಯನ್ನು ಕಣ್ಣಾರೆ ಕಾಣಬಹುದು. ಮೂರು ಉದಾಹರಣೆಗಳನ್ನು ಗಮನಿಸಬಹುದು.

ಮೊದಲನೆಯದು, ಕಾಡು ಮತ್ತು ಜಲಾಶಯ. ಬೆಟ್ಟದ ಇಳಿಜಾರಿನಲ್ಲಿ ಮರಗಿಡ, ಹುಲ್ಲು ಇದ್ದರೆ ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಬರುವುದು ಕಡಿಮೆ. ಹೂಳು ಕಡಿಮೆಯಾದರೆ ಜಲಾಶಯದಲ್ಲಿ ನೀರಿಗೆ ಜಾಗ ಹೆಚ್ಚು ಉಳಿಯುತ್ತದೆ. ಬೆಂಕಿಯ ಕಾಲದಲ್ಲಿ ಫೈರ್ ಲೈನ್ ಸವರಿ ಕಾಡು ಕಾಯುವ ಫಾರೆಸ್ಟ್ ವಾಚರ್, ತನಗೆ ಅರಿವಿಲ್ಲದೆಯೇ ನೀರಾವರಿ ಎಂಜಿನಿಯರ್‌ಗೂ ಕೆಲಸ ಮಾಡುತ್ತಿರುತ್ತಾನೆ.

ಎರಡನೆಯದು ಇದರ ತಿರುಗು. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟಂತೆಲ್ಲ ಜಲಾಶಯದ ಮಟ್ಟ ಇಳಿಯುತ್ತದೆ. ತೆರೆದ ಅಂಚಿನಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಆನೆ, ಕಾಟಿ, ಜಿಂಕೆಗಳು ಮೇಯಲು ಬರುತ್ತವೆ. ನೀರಿನ ನಡುವೆ ದ್ವೀಪಗಳು ಮೇಲೇಳುತ್ತವೆ. ಅವುಗಳ ಮೇಲೆ ರಿವರ್ ಟರ್ನ್ ಎಂಬ ಹಕ್ಕಿಗಳು ಗುಂಪಾಗಿ ಬಂದು ಮೊಟ್ಟೆಯಿಡುತ್ತವೆ. ಲಕ್ಕವಳ್ಳಿಯ ಜಂಗಲ್ ಲಾಡ್ಜಸ್ ವಸತಿಧಾಮಕ್ಕೆ ಈ ಹಕ್ಕಿಯ ಹೆಸರನ್ನೇ ಇಡಲಾಗಿದೆ. ರೈತನ ಗದ್ದೆಗೆಂದು ಗೇಟ್ ಎತ್ತಿದ ಕೈ ಕಾಡಿನ ಪ್ರಾಣಿಗೂ ಹಕ್ಕಿಗೂ ಉಪಕಾರ ಮಾಡಿರುತ್ತದೆ.

ಮೂರನೆಯದು, ನಾಲೆ ಮತ್ತು ವಿದ್ಯುತ್. ನಾಲೆಗೆ ಹೋಗುವ ನೀರು ಟರ್ಬೈನ್ ತಿರುಗಿಸಿ ಮುಂದೆ ಸಾಗುವ ವ್ಯವಸ್ಥೆ ಇಲ್ಲಿದೆ. ಒಂದೇ ನೀರು ಮೊದಲು ವಿದ್ಯುತ್ ಕೊಟ್ಟು, ಆಮೇಲೆ ಗದ್ದೆಗೆ ಹೋಗುತ್ತದೆ. ಹೀಗಾಗಿ ನಾಲೆಗೆ ನೀರು ಬಿಡುವ ದಿನಾಂಕ ಮೊದಲೇ ತಿಳಿದರೆ ವಿದ್ಯುದಾಗಾರದ ದುರಸ್ತಿ ಕೆಲಸವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ವಿದ್ಯುದಾಗಾರದ ಸ್ಥಿತಿ ತಿಳಿದಿದ್ದರೆ ನಾಲೆಯವರಿಗೂ ಯೋಜನೆ ಸುಲಭ.

ಎಲ್ಲರೂ ಸೇರಿದಾಗ ಆದ ಕೆಲಸ

ಇಲಾಖೆಗಳು ಒಟ್ಟಾಗಿ ನಡೆದರೆ ಏನಾಗಬಹುದು ಎಂಬುದಕ್ಕೆ ಲಕ್ಕವಳ್ಳಿ ಸೀಮೆಯಲ್ಲೇ ಉತ್ತಮ ನಿದರ್ಶನವಿದೆ. ಭದ್ರಾ ವನ್ಯಜೀವಿ ಧಾಮ 1974ರಲ್ಲಿ ಈಗಿನ ವಿಸ್ತಾರವನ್ನು ಪಡೆಯಿತು. ಆಗ ಅದರೊಳಗೆ ಹಲವು ಹಳ್ಳಿಗಳಿದ್ದವು. ಆನೆ, ಹಂದಿಗಳಿಂದ ಬೆಳೆ ಉಳಿಸಿಕೊಳ್ಳುವುದು ಅಲ್ಲಿನವರ ನಿತ್ಯದ ಕಷ್ಟ. ಶಾಲೆ, ಆಸ್ಪತ್ರೆ, ವಿದ್ಯುತ್ ದೂರದ ಮಾತು. ಸ್ಥಳಾಂತರದ ವಿಚಾರ ಬಹುಕಾಲ ಮಾತುಕತೆಯಲ್ಲೇ ಉಳಿದಿತ್ತು.

ಕಾಡಿನಿಂದ ಜನರನ್ನು ಹೊರತರುವುದು ಅರಣ್ಯ ಇಲಾಖೆಯೊಂದರಿಂದ ಆಗುವಂಥದ್ದಲ್ಲ. ಭೂಮಿ ಗುರುತಿಸಿ ಹಕ್ಕುಪತ್ರ ಕೊಡಲು ಕಂದಾಯ ಇಲಾಖೆ ಬೇಕು. ರಸ್ತೆ, ಕುಡಿಯುವ ನೀರು, ವಿದ್ಯುತ್, ಶಾಲೆ ಒಂದೊಂದಕ್ಕೂ ಒಂದೊಂದು ಕಚೇರಿ. ಜಿಲ್ಲಾಡಳಿತ, ಅರಣ್ಯ ಇಲಾಖೆ ಮತ್ತು ಸ್ಥಳೀಯ ವನ್ಯಜೀವಿ ಕಾರ್ಯಕರ್ತರು ಕೈಜೋಡಿಸಿದ ಮೇಲೆ, 2001-02ರ ಅವಧಿಯಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಹೆಚ್ಚಿನವು ಲಕ್ಕವಳ್ಳಿಗೆ ಸಮೀಪದ ಎಂ.ಸಿ.ಹಳ್ಳಿಯಲ್ಲಿ ನೆಲೆಸಿದವು, ಉಳಿದವು ಕೆಳಗೂರಿಗೆ ಹೋದವು. ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ್ ಈ ಕುಟುಂಬಗಳನ್ನು 2002ರಲ್ಲೂ 2006ರಲ್ಲೂ ಸಂದರ್ಶಿಸಿ, 2007ರಲ್ಲಿ ಅಧ್ಯಯನ ಪ್ರಕಟಿಸಿದರು. ಮಾತನಾಡಿಸಿದವರಲ್ಲಿ ನೂರಕ್ಕೆ 70ರಷ್ಟು ಜನ ಹೊಸ ಬದುಕಿನ ಬಗ್ಗೆ ತೃಪ್ತಿ ಹೇಳಿದ್ದರು. ತೃಪ್ತರಾಗದವರೂ ಇದ್ದರು ಎಂಬುದನ್ನು ಮರೆಯಬಾರದು. ಆದರೂ ದೇಶದ ಸ್ಥಳಾಂತರ ಯೋಜನೆಗಳ ನಡುವೆ ಭದ್ರಾವನ್ನು ಇಂದಿಗೂ ಯಶಸ್ಸಿನ ಉದಾಹರಣೆಯಾಗಿ ಹೇಳುತ್ತಾರೆ. ಅದನ್ನು ಯಾವುದೇ ಒಂದು ಇಲಾಖೆ ತನ್ನೊಬ್ಬನದೇ ಎಂದು ಹೇಳಿಕೊಳ್ಳಲಾಗದು.

ಪ್ರಮೋದ ಭಾವನೆಯ ಅರ್ಥ

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥ ಸೂತ್ರದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳ ಉಲ್ಲೇಖವಿದೆ. ತನಗಿಂತ ಹೆಚ್ಚಿನ ಗುಣವುಳ್ಳವರನ್ನು ಕಂಡಾಗ ಮನಸ್ಸು ಹಿಗ್ಗುವುದು ಪ್ರಮೋದ. ಅದರ ವಿರುದ್ಧ ಪದ ಮಾತ್ಸರ್ಯ. ಬಸದಿಯಲ್ಲಿ, ಪ್ರವಚನದಲ್ಲಿ ಕೇಳುವ ಈ ಮಾತು ಕಚೇರಿಗೂ ನೇರವಾಗಿ ಅನ್ವಯಿಸುತ್ತದೆ. ಪಕ್ಕದ ಇಲಾಖೆಗೆ ಹೆಸರು ಬಂದಾಗ ಮುಖ ಸಪ್ಪಗಾಗುವುದೋ ಅರಳುವುದೋ ಎಂಬುದರಲ್ಲೇ ಮುಂದಿನ ಸಭೆಯ ಸ್ವರೂಪ ಅಡಗಿದೆ.

ಪ್ರಮೋದವನ್ನು ಹೊಗಳಿಕೆ ಎಂದು ತಪ್ಪು ತಿಳಿಯಬಾರದು. "ಒಳ್ಳೆಯ ಕೆಲಸ ಮಾಡಿದ್ದೀರಿ" ಎಂಬ ಮಾತು ಯಾರಿಗೂ ಹೇಳಬಹುದಾದದ್ದು. ಕೇಳಿದವರು ಅಷ್ಟೇ ಬೇಗ ಮರೆಯುತ್ತಾರೆ. "ಕಳೆದ ವಾರ ನಿಮ್ಮ ಲೈನ್‌ಮನ್‌ಗಳು ಜೊತೆಗೆ ಬಂದದ್ದರಿಂದ ಕೊನೆಯ ಮೂರು ಊರುಗಳಿಗೆ ನೀರು ಮುಟ್ಟಿತು" ಎಂದರೆ ಅದರಲ್ಲಿ ಕೆಲಸದ ಹೆಸರಿದೆ, ಫಲದ ಹೆಸರೂ ಇದೆ. ಮಾತನಾಡುವವನಿಗೂ ತನ್ನ ಯಶಸ್ಸಿನಲ್ಲಿ ಇನ್ನೊಬ್ಬರ ಪಾಲೆಷ್ಟು ಎಂಬುದು ಆಗ ತಿಳಿಯುತ್ತದೆ.

ಕಚೇರಿಯಲ್ಲಿ ಅಳವಡಿಸಿಕೊಳ್ಳಬಹುದಾದ ಕ್ರಮಗಳು

1. ಸ್ಥಳಕ್ಕೆ ಹೋಗಿ ನೋಡುವುದು. ವರ್ಷಕ್ಕೊಮ್ಮೆಯಾದರೂ ಒಂದು ಇಲಾಖೆಯವರು ಇನ್ನೊಂದು ಇಲಾಖೆಯವರ ಜೊತೆ ಒಂದು ದಿನ ಕಳೆಯಬೇಕು. ನಾಲೆ ಏರಿಯ ಮೇಲೆ ಹತ್ತು ಕಿಲೋಮೀಟರ್ ನಡೆದವರು ನೀರುಗಂಟಿಯ ಬಗ್ಗೆ ಹಗುರವಾಗಿ ಮಾತನಾಡುವುದಿಲ್ಲ.

2. ಮೆಚ್ಚುಗೆಯನ್ನು ಬರಹದಲ್ಲಿ ದಾಖಲಿಸುವುದು. ಸಭೆಯ ನಡವಳಿಯಲ್ಲಿ ಲೋಪಗಳು ಮಾತ್ರ ಉಳಿಯುತ್ತವೆ, ಸಹಕಾರ ಉಳಿಯುವುದಿಲ್ಲ. "ಈ ಕೆಲಸ ಇಂಥ ಕಚೇರಿಯ ನೆರವಿನಿಂದ ಪೂರ್ಣಗೊಂಡಿದೆ" ಎಂಬ ಒಂದು ಸಾಲು ಕಡತದಲ್ಲಿ ಇದ್ದರೆ, ಅಧಿಕಾರಿಗಳು ವರ್ಗವಾಗಿ ಹೋದ ಮೇಲೂ ಆ ಸಂಬಂಧ ಮುಂದುವರಿಯುತ್ತದೆ.

3. ಕೆಳಹಂತದವರನ್ನು ಮರೆಯದಿರುವುದು. ಗೇಟ್ ಆಪರೇಟರ್, ವಾಚರ್, ಲೈನ್‌ಮನ್, ನೀರುಗಂಟಿ ಇವರಲ್ಲಿ ಅನೇಕರು ದಿನಗೂಲಿ ಅಥವಾ ಹೊರಗುತ್ತಿಗೆಯವರು. ಇವರ ಶ್ರಮಕ್ಕೆ ಮಾತಿನ ಮೆಚ್ಚುಗೆಯಷ್ಟೇ ಸಾಲದು; ಸಕಾಲದಲ್ಲಿ ಸಂಬಳ, ಮಳೆಯಂಗಿ, ಬೂಟು, ಟಾರ್ಚ್ ಕೊಡುವುದೂ ಮೆಚ್ಚುಗೆಯ ಭಾಗವೇ.

4. ಬಿಕ್ಕಟ್ಟಿಗೆ ಮೊದಲೇ ಮಾತನಾಡುವುದು. ಜಲಾಶಯ ತುಂಬಿದ ವರ್ಷದಲ್ಲಿ ಬೆಳೆದ ಸ್ನೇಹ, ಬರಗಾಲದ ವರ್ಷ ಉಪಯೋಗಕ್ಕೆ ಬರುತ್ತದೆ. ಜಗಳ ಆರಂಭವಾದ ಮೇಲೆ ಆಡುವ ಮೆಚ್ಚುಗೆಯ ಮಾತನ್ನು ಯಾರೂ ನಂಬುವುದಿಲ್ಲ.

5. ದೂರು ಹೇಳುವ ಮೊದಲು ಕೇಳುವುದು. "ಏಕೆ ಮಾಡಲಿಲ್ಲ?" ಎಂಬುದರ ಬದಲು "ನಿಮಗೆ ಅಡ್ಡಿಯಾದದ್ದು ಏನು?" ಎಂದು ಕೇಳಿದರೆ ಉತ್ತರ ಬೇರೆಯೇ ಆಗಿರುತ್ತದೆ.

ಮೆಚ್ಚುಗೆಯ ಮಿತಿ

ಮೆಚ್ಚುಗೆಯಿಂದ ಜಲಾಶಯಕ್ಕೆ ಒಂದು ಹನಿ ನೀರೂ ಹೆಚ್ಚಾಗುವುದಿಲ್ಲ. ನೀರು ಕಡಿಮೆ ಇದ್ದಾಗ ಹಂಚಿಕೆಗೆ ಸ್ಪಷ್ಟ ನಿಯಮ ಬೇಕು, ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಕರ್ತವ್ಯಲೋಪ, ಲಂಚ, ನೀರುಗಳ್ಳತನ ಕಂಡಾಗ ಸ್ನೇಹದ ಹೆಸರಿನಲ್ಲಿ ಸುಮ್ಮನಿರುವುದು ಪ್ರಮೋದವಾಗುವುದಿಲ್ಲ. ನಾಲ್ಕು ಭಾವನೆಗಳಲ್ಲಿ ಮಾಧ್ಯಸ್ಥ್ಯವೂ ಇದೆ: ತಿದ್ದಿಕೊಳ್ಳದವರ ಬಗ್ಗೆ ರಾಗವೂ ಇಲ್ಲದೆ ದ್ವೇಷವೂ ಇಲ್ಲದೆ ಇರುವುದು. ಕಚೇರಿಯಲ್ಲಿ ಇದರ ಅರ್ಥ, ಹಗೆ ಸಾಧಿಸದೆ ನಿಯಮದಂತೆ ಕ್ರಮ ಕೈಗೊಳ್ಳುವುದು.

ಈ ಮಿತಿಯೊಳಗೂ ಮೆಚ್ಚುಗೆಗೆ ಬೆಲೆಯಿದೆ. ಇಲಾಖೆಗಳು ಪರಸ್ಪರ ದೂರುತ್ತಾ ಕಳೆಯುವ ಒಂದೊಂದು ದಿನದ ನಷ್ಟವೂ ನಾಲೆಯ ಕೊನೆಯ ರೈತನ ಪಾಲಿಗೆ ಬರುತ್ತದೆ. ಆ ದಿನಗಳನ್ನು ಕಡಿಮೆ ಮಾಡಲು ಹಣ ಬೇಡ, ಹೊಸ ಆದೇಶ ಬೇಡ. ಭದ್ರಾ ಅಚ್ಚುಕಟ್ಟಿನ ಯಾವುದೇ ಕಚೇರಿಯವರು ಮುಂದಿನ ಸಭೆಗೆ ಹೋಗುವಾಗ ತಮ್ಮ ಬೇಡಿಕೆಯ ಪಟ್ಟಿಯ ಜೊತೆಗೆ, ಕಳೆದ ತಿಂಗಳು ಪಕ್ಕದ ಇಲಾಖೆಯಿಂದ ತಮಗೆ ಸಿಕ್ಕ ಒಂದು ನೆರವನ್ನೂ ಬರೆದುಕೊಂಡು ಹೋಗಬಹುದು, ಮಾತನ್ನು ಅದರಿಂದಲೇ ಆರಂಭಿಸಬಹುದು.